ಥಂಬ್, ಕಾರ್ಡ್, ಮುಖ: ಕೆಲಸದ ಜಾಗದ ಗುರುತು ಪರೀಕ್ಷೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೇಳು ವರ್ಷದಿಂದ ಪೀಣ್ಯ, ಬೊಮ್ಮಸಂದ್ರ, ದೊಡ್ಡಬಳ್ಳಾಪುರದ ಕಾರ್ಖಾನೆ, ಆಫೀಸುಗಳ ಬಾಗಿಲಿಗೆ ಕಾರ್ಡ್ ರೀಡರ್, ಥಂಬ್ ಮಷೀನ್ ಕೂರಿಸುವ ಕೆಲಸ ಮಾಡುತ್ತಿದ್ದೇನೆ. ಏಣಿ ಹತ್ತಿ ವೈರ್ ಎಳೆಯುವಾಗ ಕೆಳಗೆ ನಿಂತವರು ಕೇಳಿದ್ದು, ಎಚ್‌ಆರ್‌ನವರು ಫೋನಿನಲ್ಲಿ ಕೇಳಿದ್ದು, ನೆಂಟರ ಮದುವೆಯಲ್ಲಿ ಐಟಿ ಹುಡುಗರು ಕೇಳಿದ್ದು, ಎಲ್ಲವನ್ನೂ ಅವರವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಕಗ್ಗಂಟಿನದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ಆಗುತ್ತದೆ.

## ಮೊದಲ ಪ್ರಶ್ನೆಗಳು

"ಗೇಟಲ್ಲಿ ಥಂಬ್ ಕೊಡೋದು, ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕೋದು, ಎರಡೂ ಒಂದೇ ಅಲ್ವಾ ಸಾರ್?"

"ನಾನು ಇಂಥವನು" ಎಂದು ತೋರಿಸಿಕೊಡಲು ಮೂರೇ ದಾರಿ. ನಿಮಗೆ ಮಾತ್ರ ಗೊತ್ತಿರುವುದು, ಅಂದರೆ ಪಾಸ್‌ವರ್ಡು. ನಿಮ್ಮ ಹತ್ತಿರ ಮಾತ್ರ ಇರುವುದು, ಅಂದರೆ ಕಾರ್ಡು, ಫೋನು. ನಿಮ್ಮ ಮೈಯೇ ಆಗಿರುವುದು, ಅಂದರೆ ಬೆರಳು, ಮುಖ, ಕಣ್ಣು. ಮೊದಲನೆಯದನ್ನು ಮರೆಯಬಹುದು, ಎರಡನೆಯದನ್ನು ಕಳೆದುಕೊಳ್ಳಬಹುದು, ಮೂರನೆಯದನ್ನು ಬದಲಾಯಿಸಲು ಆಗುವುದಿಲ್ಲ. ಇವುಗಳಲ್ಲಿ ಬೇರೆ ಬೇರೆ ಬಗೆಯ ಎರಡನ್ನು ಒಟ್ಟಿಗೆ ಕೇಳಿದರೆ ಭದ್ರತೆ ಹೆಚ್ಚುತ್ತದೆ.

ಇನ್ನೊಂದು ವ್ಯತ್ಯಾಸವೂ ಇದೆ. ಹಾಜರಿ ಹಾಕುವುದು ಬೇರೆ, ಬಾಗಿಲು ಕಾಯುವುದು ಬೇರೆ. ಹಾಜರಿ ಸಂಬಳದ ಲೆಕ್ಕ, ಬಾಗಿಲು ಭದ್ರತೆಯ ವಿಷಯ. ಒಂದೇ ಮಷೀನಿನಲ್ಲಿ ಎರಡನ್ನೂ ಮಾಡಹೊರಟ ಕಡೆಗಳಲ್ಲೇ ನಾನು ಹೆಚ್ಚು ಜಗಳ ನೋಡಿದ್ದೇನೆ.

"ಇದೆಲ್ಲ ಯಾವಾಗ ಶುರುವಾಯ್ತು? ಹಿಂದಿನ ಕಾಲದಲ್ಲಿ ಏನು ಮಾಡ್ತಿದ್ರು?"

ಹಿಂದೆ ಮೇಸ್ತ್ರಿಯ ಕಣ್ಣೇ ಮಷೀನು, ಮಸ್ಟರ್ ರೋಲೇ ಡೇಟಾಬೇಸು. ಕಾರ್ಖಾನೆ ದೊಡ್ಡದಾದಂತೆ ನಂಬರ್ ಕೊರೆದ ಲೋಹದ ಬಿಲ್ಲೆ ಬಂತು. ಬೆಳಿಗ್ಗೆ ಅದನ್ನು ಹಲಗೆಯಿಂದ ತೆಗೆದುಕೊಂಡರೆ ಒಳಗಿದ್ದೀರಿ, ಸಂಜೆ ಮತ್ತೆ ನೇತುಹಾಕಿದರೆ ಹೊರಗೆ ಹೋದಿರಿ. 1880ರ ದಶಕದ ಕೊನೆಗೆ ಅಮೆರಿಕದಲ್ಲಿ ವಿಲ್ಲರ್ಡ್ ಬಂಡಿ ಎಂಬ ಒಡವೆ ವ್ಯಾಪಾರಿ ಹಾಜರಿ ಗಡಿಯಾರ ಮಾಡಿದ. ಆತನ ಕಂಪನಿ ಬೇರೆ ಕಂಪನಿಗಳೊಡನೆ ಸೇರುತ್ತಾ ಹೋಗಿ ಕೊನೆಗೆ ಐಬಿಎಂ ಆಯಿತು. ಇವತ್ತಿಗೂ ನಾವು "ಪಂಚ್ ಮಾಡಿದೆ" ಅನ್ನುವುದು ಆಮೇಲಿನ ಹಾಜರಿ ಗಡಿಯಾರಗಳಲ್ಲಿ ಸಮಯ ಒತ್ತಿಸುತ್ತಿದ್ದ ಕಾರ್ಡಿನ ನೆನಪಿನಿಂದ.

ಬೆರಳಚ್ಚಿನ ಕಥೆಗೆ ನಮ್ಮ ದೇಶದ ನಂಟು ಗಟ್ಟಿಯಾಗಿದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಇಡೀ ಅಂಗೈಯ ಅಚ್ಚು ಹಾಕಿಸಿಕೊಂಡ. 1897ರಲ್ಲಿ ಕೋಲ್ಕತ್ತದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. ಅಲ್ಲಿನ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅಚ್ಚುಗಳನ್ನು ವಿಂಗಡಿಸುವ ಲೆಕ್ಕ ಕಟ್ಟಿಕೊಟ್ಟರು. ಹೆಸರು ಬಂದದ್ದು ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ.

ನಮ್ಮ ರಾಜ್ಯದಲ್ಲಿ ಕೆಲಸಗಾರರ ಬೆರಳಚ್ಚು ಮೊದಲು ಸುದ್ದಿಯಾದದ್ದು ಬೆಂಗಳೂರಿನ ಐಟಿ ಪಾರ್ಕಿನಲ್ಲಲ್ಲ, ಕೋಲಾರದ ಚಿನ್ನದ ಗಣಿಯಲ್ಲಿ. ಹೆಬ್ಬೆಟ್ಟಿನ ಗುರುತು ಪಡೆದು ಕಾರ್ಮಿಕರನ್ನು ನೋಂದಾಯಿಸುವ ಪದ್ಧತಿಯನ್ನು ವಿರೋಧಿಸಿ 1930ರಲ್ಲಿ ಕೆಜಿಎಫ್ ಗಣಿಯವರು ಮುಷ್ಕರ ಹೂಡಿದರು. ಬೆರಳು ಕೊಡಲು ಹಿಂಜರಿಯುವವರನ್ನು ಕಂಡಾಗಲೆಲ್ಲ ನನಗೆ ಆ ಗಣಿಯವರು ನೆನಪಾಗುತ್ತಾರೆ. ಇದು ತಂತ್ರಜ್ಞಾನ ತಿಳಿಯದವರ ಭಯವಲ್ಲ. ಅಪರಾಧಿಗಳಿಂದ ಪಡೆಯುವ ಬೆರಳಚ್ಚನ್ನು ನಮ್ಮಿಂದಲೂ ಪಡೆಯುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

"ಕಾರ್ಡ್ ತೋರಿಸಿದ ತಕ್ಷಣ ಬಾಗಿಲು ತೆಗೆಯುತ್ತಲ್ಲ, ಒಳಗೆ ಬ್ಯಾಟರಿ ಇದೆಯಾ?"

ಇಲ್ಲ. ಕಾರ್ಡನ್ನು ಬೆಳಕಿಗೆ ಹಿಡಿದರೆ ಕೆಲವದರಲ್ಲಿ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿರುವುದು ಕಾಣುತ್ತದೆ. ಮಧ್ಯೆ ಎಳ್ಳುಕಾಳಿನಷ್ಟು ಚಿಪ್ಪು. ಗೋಡೆಯ ರೀಡರ್ ಸುತ್ತ ಕಾಂತಕ್ಷೇತ್ರ ಇರುತ್ತದೆ. ಕಾರ್ಡು ಅದರೊಳಗೆ ಬಂದ ಕೂಡಲೇ ತಂತಿಯಲ್ಲಿ ವಿದ್ಯುತ್ ಹುಟ್ಟಿ ಚಿಪ್ಪು ಎಚ್ಚರಗೊಳ್ಳುತ್ತದೆ, ತನ್ನ ನಂಬರ್ ಹೇಳುತ್ತದೆ, ಮತ್ತೆ ನಿದ್ದೆಗೆ ಜಾರುತ್ತದೆ. 1973ರಲ್ಲಿ ಚಾರ್ಲ್ಸ್ ವಾಲ್ಟನ್ ಎಂಬ ಅಮೆರಿಕನ್ ಇಂಥ ಕಾರ್ಡಿನಿಂದ ಬಾಗಿಲು ತೆರೆಯುವುದಕ್ಕೆ ಪೇಟೆಂಟ್ ಪಡೆದ.

"ಈ ಕಾರ್ಡನ್ನ ಅಂಗಡಿಯಲ್ಲಿ ನಕಲು ಮಾಡಿಸಬಹುದಂತೆ, ಹೌದಾ?"

ಹಳೆಯ ಕಾರ್ಡಾದರೆ ಹೌದು. 125 ಕಿಲೋಹರ್ಟ್ಸ್‌ನ ದಪ್ಪ ಬಿಳಿ ಕಾರ್ಡುಗಳು ಕೇಳಿದವರಿಗೆಲ್ಲ ತಮ್ಮ ನಂಬರ್ ಕೂಗಿ ಹೇಳುತ್ತವೆ. ಎದುರಿಗಿರುವುದು ನಿಜವಾದ ರೀಡರೋ ಕಳ್ಳನ ಯಂತ್ರವೋ ಎಂದು ನೋಡುವುದಿಲ್ಲ. ಆಮೇಲೆ 13.56 ಮೆಗಾಹರ್ಟ್ಸ್‌ನವು ಬಂದವು. ಅವುಗಳಲ್ಲಿ 1994ರ ಮೈಫೇರ್ ಕ್ಲಾಸಿಕ್ ಜಗತ್ತಿನಾದ್ಯಂತ ಹರಡಿತು. ಅದರ ಗುಟ್ಟಿನ ಗಣಿತ ಯಾರಿಗೂ ಗೊತ್ತಿಲ್ಲ ಎಂಬುದೇ ಅದರ ಬಲವಾಗಿತ್ತು. 2008ರ ಹೊತ್ತಿಗೆ ಜರ್ಮನಿಯ ಹ್ಯಾಕರ್‌ಗಳು, ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಬಿಡಿಸಿಟ್ಟರು. ತಯಾರಿಕಾ ಕಂಪನಿ ಕೋರ್ಟಿಗೆ ಹೋಯಿತು. ಪ್ರಕಟಣೆ ತಡೆಯಲು ಡಚ್ ನ್ಯಾಯಾಲಯ ಒಪ್ಪಲಿಲ್ಲ.

ಇಷ್ಟಾದರೂ ನಮ್ಮಲ್ಲಿ ಅವೇ ಕಾರ್ಡುಗಳು ಇನ್ನೂ ನೇತಾಡುತ್ತಿವೆ. ಹೊಸದಾಗಿ ಕೊಳ್ಳುವುದಾದರೆ ಎಇಎಸ್ ಗೂಢಲಿಪಿ ಇರುವ ಕಾರ್ಡು ಕೇಳಿ. ರೀಡರ್ ಬರೀ ನಂಬರ್ ಓದುತ್ತದೋ, ಒಳಗಿನ ಕೀಲಿಯನ್ನೂ ಪರೀಕ್ಷಿಸುತ್ತದೋ ಎಂದೂ ಕೇಳಿ. ದುಬಾರಿ ಕಾರ್ಡು ಕೊಂಡು ಬರೀ ನಂಬರ್ ಓದಿಸುತ್ತಿದ್ದ ಕಂಪನಿಗಳನ್ನು ನಾನೇ ನೋಡಿದ್ದೇನೆ. ಆರು ಲಿವರಿನ ಬೀಗ ತಂದು ಬಾಗಿಲಿಗೆ ದಾರ ಕಟ್ಟಿದಂತೆ.

## ಬೆರಳು ಮತ್ತು ಸಂಬಳ

"ನನ್ನ ಥಂಬಿನ ಫೋಟೋ ಮಷೀನೊಳಗೆ ಇರುತ್ತಾ?"

ಸಾಮಾನ್ಯವಾಗಿ ಫೋಟೋ ಇರುವುದಿಲ್ಲ. ಬೆರಳಿನ ಗೆರೆ ಎಲ್ಲಿ ಕೊನೆಯಾಗುತ್ತದೆ, ಎಲ್ಲಿ ಕವಲೊಡೆಯುತ್ತದೆ, ಯಾವ ದಿಕ್ಕಿಗೆ ಎಂಬ ಬಿಂದುಗಳ ಪಟ್ಟಿ ಇರುತ್ತದೆ. ಅದಕ್ಕೆ ಟೆಂಪ್ಲೇಟ್ ಅನ್ನುತ್ತಾರೆ. "ಬರೀ ಅಂಕಿ ತಾನೇ, ಇದರಿಂದ ಏನೂ ಮಾಡಕ್ಕಾಗಲ್ಲ" ಎಂದು ಮಾರುವವರು ಹೇಳಿದರೆ ಒಪ್ಪಬೇಡಿ. ಆ ಬಿಂದುಗಳಿಂದಲೇ ಮಷೀನನ್ನು ಮೋಸ ಮಾಡುವಷ್ಟು ಹೋಲುವ ಅಚ್ಚನ್ನು ಮತ್ತೆ ಬಿಡಿಸಬಹುದು ಎಂದು ಸಂಶೋಧಕರು ತೋರಿಸಿದ್ದಾರೆ. ಟೆಂಪ್ಲೇಟನ್ನೂ ಗೂಢಲಿಪಿಯಲ್ಲೇ ಇಡಬೇಕು.

"ನನ್ನ ಬೆರಳು ಮಷೀನ್ ತಗೊಳ್ಳೋದೇ ಇಲ್ಲ. ತಪ್ಪು ನಂದಾ?"

ಅಲ್ಲ. ಈ ಪ್ರಶ್ನೆಗೆ ಮಾತ್ರ ಸ್ವಲ್ಪ ಉದ್ದದ ಉತ್ತರ ಕೊಡುತ್ತೇನೆ.

ಒಂದು ಗಾರ್ಮೆಂಟ್ಸಿನಲ್ಲಿ ಬೆಳಿಗ್ಗೆ ಗೇಟಿನ ಪಕ್ಕ ಕೂತು ರಿಪೇರಿ ಮಾಡುತ್ತಿದ್ದೆ. ಪಾಳಿ ಒಂಬತ್ತಕ್ಕೆ. ಎಂಟು ಐವತ್ತೆರಡಕ್ಕೆ ವಾಷಿಂಗ್ ಸೆಕ್ಷನ್ನಿನ ಒಬ್ಬ ಅಕ್ಕ ಬಂದರು. ಹೆಬ್ಬೆರಳಿಟ್ಟರು. "ಪ್ಲೀಸ್ ಟ್ರೈ ಅಗೇನ್" ಎಂದಿತು ಮಷೀನು. ಸೆರಗಿನಲ್ಲಿ ಒರೆಸಿ ಇಟ್ಟರು. ಮತ್ತೆ ಅದೇ. ಹಣೆಗೆ ಉಜ್ಜಿ ಇಟ್ಟರು, ಎಣ್ಣೆ ಹಾಕಿದ ತಲೆಗೂದಲಿಗೆ ಉಜ್ಜಿ ಇಟ್ಟರು. ಹಿಂದೆ ನಿಂತವರು "ಬೇಗ ಅಕ್ಕ, ಬೇಗ" ಅನ್ನುತ್ತಿದ್ದರು. ಅವರು ಸಾಲು ಬಿಟ್ಟು ಪಕ್ಕಕ್ಕೆ ಸರಿದು ಎಲ್ಲರನ್ನೂ ಹೋಗಲು ಬಿಟ್ಟರು. ಕೊನೆಗೆ "ಥ್ಯಾಂಕ್ ಯೂ" ಬಂದಾಗ ಒಂಬತ್ತು ಗಂಟೆ ಮೂರು ನಿಮಿಷ. ಲೆಕ್ಕದಲ್ಲಿ ಅವರು ತಡ. ನಾನು ಅವರ ಬೆರಳನ್ನು ಟಾರ್ಚ್ ಹಿಡಿದು ನೋಡಿದೆ. ಬ್ಲೀಚಿಂಗ್ ನೀರಿಗೆ ಗೆರೆಗಳು ಸವೆದು ತುದಿ ಕನ್ನಡಿಯಂತೆ ನುಣುಪಾಗಿತ್ತು. ಒಂಬತ್ತು ವರ್ಷ ಅದೇ ಕಂಪನಿಯ ಬಟ್ಟೆ ಒಗೆದ ಬೆರಳದು.

ಸಿಮೆಂಟು, ಸುಣ್ಣ, ಪಾತ್ರೆಸೋಪು, ಬೀಡಿ ಎಲೆ, ಊದುಬತ್ತಿ ಹಿಟ್ಟು, ಇವೆಲ್ಲ ಬೆರಳಿನ ಗೆರೆ ಸವೆಸುತ್ತವೆ. ವಯಸ್ಸಾದಂತೆ ಚರ್ಮ ಒಣಗಿ ಗೆರೆ ಮಾಸುತ್ತದೆ. ಡಿಸೆಂಬರಿನ ಚಳಿಯಲ್ಲಿ ಎಲ್ಲರ ಬೆರಳೂ ಸ್ವಲ್ಪ ಕೈಕೊಡುತ್ತದೆ. ಬೆರಳಿಗೆ ತುಸು ಕೊಬ್ಬರಿ ಎಣ್ಣೆ ಸವರಿ ಚೆನ್ನಾಗಿ ಒರೆಸಿ ಇಟ್ಟರೆ ಒಣ ಬೆರಳು ಓದಿಸಿಕೊಳ್ಳುತ್ತದೆ. ಬಲವಾಗಿ ಒತ್ತಬೇಡಿ, ಒತ್ತಿದರೆ ಗೆರೆಗಳು ಅಂಟಿಕೊಂಡು ಮಸುಕಾಗುತ್ತವೆ. ಹೆಬ್ಬೆರಳಿಗಿಂತ ತೋರುಬೆರಳು, ಉಂಗುರ ಬೆರಳು ಹಲವರಿಗೆ ಚೆನ್ನಾಗಿ ಸಿಗುತ್ತದೆ. ಎರಡು ಕೈಯಿಂದ ಕನಿಷ್ಠ ನಾಲ್ಕು ಬೆರಳು ನೋಂದಾಯಿಸಿಕೊಳ್ಳಿ ಎಂದು ಎಚ್‌ಆರ್‌ಗೆ ಹೇಳಿ.

ಕಂಪನಿಯವರಿಗೆ ನಾನು ಪ್ರತಿ ಸಲ ಹೇಳುವುದು ಇಷ್ಟೇ: ಮಷೀನಿನ ಪಕ್ಕ ಒಂದು ಪುಸ್ತಕ ಇಡಿ. ಮೂರು ಸಲ ಇಟ್ಟರೂ ಸಿಗದಿದ್ದರೆ ಹೆಸರು, ಸಮಯ ಬರೆದು ಸೆಕ್ಯುರಿಟಿ ಸಹಿ ಹಾಕಿ ಒಳಗೆ ಬಿಡಲಿ. ಆ ಪುಸ್ತಕದ ಸಮಯವೇ ಲೆಕ್ಕಕ್ಕೆ ಬರಲಿ. ಪುಸ್ತಕ ಇಡಲು ಒಪ್ಪದ ಕಡೆ ನಾನು ಈಗೀಗ ಕೆಲಸ ಹಿಡಿಯುವುದಿಲ್ಲ.

"ಕೆಲಸ ಮಾಡಿದ್ರೂ ಸಿಸ್ಟಮ್ಮಲ್ಲಿ ಆಬ್ಸೆಂಟ್ ಅಂತ ಬಂದು ಸಂಬಳ ಕಟ್ ಆಗಿದೆ. ಏನು ಮಾಡ್ಲಿ?"

ಮೊದಲು ಮೂಲ ಪಂಚ್ ದಾಖಲೆ ಕೇಳಿ. ಎಚ್‌ಆರ್ ತೋರಿಸುವುದು ಸಾಫ್ಟ್‌ವೇರ್ ಸೋಸಿದ ತಿಂಗಳ ವರದಿ. ಮಷೀನಿನೊಳಗೆ ಗಂಟೆ, ನಿಮಿಷ, ಸೆಕೆಂಡಿನ ಸಮೇತ ಬೇರೆ ಪಟ್ಟಿ ಇರುತ್ತದೆ. ಬಹಳ ಸಲ ಬೆರಳು ಬಿದ್ದಿರುತ್ತದೆ, ಆದರೆ ನೆಟ್‌ವರ್ಕ್ ಹೋಗಿ ಆಫೀಸಿಗೆ ತಲುಪಿರುವುದಿಲ್ಲ. ಶಿಫ್ಟ್ ಬದಲಾದದ್ದನ್ನು ಸಾಫ್ಟ್‌ವೇರಿನಲ್ಲಿ ಬದಲಾಯಿಸದಿದ್ದರೂ ಹೀಗಾಗುತ್ತದೆ. ಮಷೀನಿನ ಗಡಿಯಾರ ಐದು ನಿಮಿಷ ಮುಂದಿದ್ದದ್ದೂ ಉಂಟು.

ಇದನ್ನು ಚಿಕ್ಕ ವಿಷಯ ಎಂದು ಯಾರಾದರೂ ಅಂದರೆ ನರಸಾಪುರವನ್ನು ನೆನಪಿಸಿ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟು ದಾಂಧಲೆಯಾಗಿ ಸಿಡಿಯಿತು. ಕಾರ್ಖಾನೆಗಳ ಇಲಾಖೆಯ ಪ್ರಾಥಮಿಕ ತನಿಖೆಯಲ್ಲಿ ಕಂಡ ಲೋಪಗಳಲ್ಲಿ ಒಂದು, ಎಲೆಕ್ಟ್ರಾನಿಕ್ ಹಾಜರಾತಿ ವ್ಯವಸ್ಥೆ ಕೆಟ್ಟು ಎರಡು ತಿಂಗಳಾದರೂ ಸರಿಪಡಿಸದಿದ್ದದ್ದು. ಕೆಲವರಿಗೆ ಸರಿಯಾಗಿ ಸಂಬಳ ಕೊಟ್ಟಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿಕೊಂಡು ಕ್ಷಮೆ ಕೇಳಿತು. ಸಾವಿರಾರು ಜನರ ಊಟ ಆ ಮಷೀನಿನ ಲೆಕ್ಕದ ಮೇಲೆ ನಿಂತಿರುತ್ತದೆ.

ನೀವು ಮಾಡಬಹುದಾದದ್ದು: ಥಂಬ್ ಬೀಳದ ದಿನ ಅಲ್ಲೇ ಸೂಪರ್‌ವೈಸರ್‌ಗೆ ವಾಟ್ಸಾಪಿನಲ್ಲಿ ಒಂದು ಸಾಲು ಹಾಕಿ, "ಇಷ್ಟು ಗಂಟೆಗೆ ಬಂದೆ, ಮಷೀನ್ ತೆಗೆದುಕೊಳ್ಳಲಿಲ್ಲ". ಸಮಯ ತಾನೇ ಬೀಳುತ್ತದೆ. ಲೈನಿನ ಉತ್ಪಾದನಾ ಪುಸ್ತಕ, ಕ್ಯಾಂಟೀನ್ ಟೋಕನ್, ಕಂಪನಿ ಬಸ್ಸಿನ ಪಟ್ಟಿ, ಇವೂ ನೀವು ಬಂದಿದ್ದಕ್ಕೆ ಸಾಕ್ಷಿ. ಬರಹದಲ್ಲಿ ದೂರು ಕೊಟ್ಟು ನಕಲು ಇಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಕಾರ್ಮಿಕ ಇಲಾಖೆಯ ಬಾಗಿಲು ತಟ್ಟಬಹುದು.

## ಮುಖ, ಕಣ್ಣು, ಮೋಸ

"ಮುಖ ನೋಡಿ ಹಾಜರಿ ಹಾಕೋ ಮಷೀನು ಇದ್ದಕ್ಕಿದ್ದಂತೆ ಎಲ್ಲ ಕಡೆ ಬಂತಲ್ಲ, ಹೇಗೆ?"

ಎರಡು ಕಾರಣ ಕೂಡಿಬಂದವು. ಮುಖ ಗುರುತಿಸುವ ಪ್ರಯತ್ನ ಹಳೆಯದು. 1991ರಲ್ಲೇ ಎಂಐಟಿಯ ಟರ್ಕ್ ಮತ್ತು ಪೆಂಟ್‌ಲ್ಯಾಂಡ್ ಒಂದು ಒಳ್ಳೆಯ ವಿಧಾನ ಕೊಟ್ಟಿದ್ದರು. ಆದರೆ ಬೆಳಕು ಬದಲಾದರೆ, ತಲೆ ವಾಲಿದರೆ ಲೆಕ್ಕ ತಪ್ಪುತ್ತಿತ್ತು. 2014ರ ಸುಮಾರಿಗೆ ಲಕ್ಷಾಂತರ ಮುಖ ತೋರಿಸಿ ಕಂಪ್ಯೂಟರಿಗೆ ಕಲಿಸುವ ನರಜಾಲದ ವಿಧಾನ ಬಂತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2.66 ಕೋಟಿ ಫೋಟೋಗಳಲ್ಲಿ ಹುಡುಕಿಸಿದಾಗ, 2014ರಲ್ಲಿ ಶೇ. 4ರಷ್ಟು ಹುಡುಕಾಟ ವಿಫಲವಾಗುತ್ತಿದ್ದದ್ದು 2018ಕ್ಕೆ ಶೇ. 0.2ಕ್ಕೆ ಇಳಿಯಿತು. ನಾಲ್ಕು ವರ್ಷದಲ್ಲಿ ಇಪ್ಪತ್ತು ಪಟ್ಟು.

ಎರಡನೆಯದು ಕೊರೊನಾ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವೇ ತನ್ನ ಕಚೇರಿಗಳಲ್ಲಿ ಬೆರಳಿಟ್ಟು ಹಾಜರಿ ಹಾಕುವುದನ್ನು ನಿಲ್ಲಿಸಿತು. ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ಮುಟ್ಟಲು ಹೆದರುತ್ತಿದ್ದ ದಿನಗಳವು. ಆ ವರ್ಷ ನಾನು ಬಿಚ್ಚಿದ ಥಂಬ್ ಮಷೀನುಗಳಿಗೆ ಲೆಕ್ಕವಿಲ್ಲ.

"ಕಪ್ಪಗಿರೋರನ್ನ ಅದು ಸರಿಯಾಗಿ ಗುರುತಿಸಲ್ಲ ಅಂತಾರೆ. ನಿಜಾನಾ?"

ಕಲಿಸಿದ ಮುಖಗಳು ಯಾವುವು ಎಂಬುದರ ಮೇಲೆ ಇದೆ. 2018ರಲ್ಲಿ ಜಾಯ್ ಬೂಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ತಂತ್ರಾಂಶಗಳನ್ನು ಪರೀಕ್ಷಿಸಿದರು. ಬಿಳಿಯ ಗಂಡಸರಲ್ಲಿ ತಪ್ಪು ಶೇ. 0.8 ದಾಟದಿದ್ದರೆ, ಕಪ್ಪು ಹೆಂಗಸರಲ್ಲಿ ಅದು ಶೇ. 34.7ರವರೆಗೆ ಹೋಗಿತ್ತು. 2019ರಲ್ಲಿ ನಿಸ್ಟ್ ಗುರುತಿಸುವ ತಂತ್ರಾಂಶಗಳನ್ನೇ ನೋಡಿತು. ಹಲವದರಲ್ಲಿ ಏಷ್ಯಾ, ಆಫ್ರಿಕಾ ಮೂಲದವರನ್ನು ಬೇರೊಬ್ಬರೆಂದು ತಪ್ಪು ತಿಳಿಯುವುದು ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚಿತ್ತು. ಒಳ್ಳೆಯ ತಂತ್ರಾಂಶಗಳಲ್ಲಿ ಅಂತರ ಬಹಳ ಕಡಿಮೆ ಇತ್ತು ಎಂಬುದನ್ನೂ ಹೇಳಬೇಕು.

ನಮ್ಮ ಗೇಟುಗಳಲ್ಲಿ ನಾನು ಕಾಣುವ ತೊಂದರೆಯ ಅರ್ಧ ಪಾಲು ಬೆಳಕಿನದು. ಬಾಗಿಲಿಗೆ ಎದುರಾಗಿ ಮಷೀನ್ ಕೂರಿಸಿದರೆ ಬರುವವರ ಬೆನ್ನಿಗೆ ಬಿಸಿಲು, ಮುಖ ಕತ್ತಲು. ಆಗ ಕಪ್ಪು ಮೈಬಣ್ಣದವರ ಮುಖ ಕ್ಯಾಮೆರಾಕ್ಕೆ ಸಿಗುವುದೇ ಇಲ್ಲ. ಮಷೀನನ್ನು ಪಕ್ಕದ ಗೋಡೆಗೆ ತಿರುಗಿಸಿ ಮೇಲೊಂದು ಟ್ಯೂಬ್‌ಲೈಟ್ ಹಾಕಿದರೆ ಅರ್ಧ ದೂರು ಅವತ್ತೇ ನಿಲ್ಲುತ್ತದೆ. ಮುಖ ನೋಂದಾಯಿಸುವುದನ್ನೂ ಎಸಿ ಕೋಣೆಯಲ್ಲಿ ಮಾಡಬೇಡಿ, ಅದೇ ಗೇಟಿನ ಬೆಳಕಿನಲ್ಲಿ ಮಾಡಿ.

"ಫೋನಲ್ಲಿ ಫೋಟೋ ತೋರಿಸಿದ್ರೆ ಮಷೀನ್ ಮೋಸ ಹೋಗುತ್ತಾ?"

ಅಗ್ಗದ ಮಷೀನು ಹೋಗುತ್ತದೆ. ಬೆರಳಿನದೂ ಅದೇ ಕಥೆ. 2002ರಲ್ಲಿ ಜಪಾನಿನ ತ್ಸುತೊಮು ಮತ್ಸುಮೊಟೊ ಮಿಠಾಯಿಗೆ ಹಾಕುವ ಜೆಲಟಿನ್‌ನಿಂದ ಬೆರಳು ಮಾಡಿ ಆ ಕಾಲದ ರೀಡರುಗಳನ್ನು ನಂಬಿಸಿದರು. 2013ರಲ್ಲಿ ಐಫೋನಿಗೆ ಬೆರಳಚ್ಚು ಬಂದ ಕೆಲವೇ ದಿನಗಳಲ್ಲಿ ಜರ್ಮನಿಯ ಹ್ಯಾಕರ್ ಕೂಟವೊಂದು ಗಾಜಿನ ಮೇಲಿನ ಗುರುತಿನಿಂದ ಅದನ್ನು ತೆರೆಯಿತು.

ಅದಕ್ಕೆ ಉತ್ತರವಾಗಿ ಬಂದದ್ದು ಜೀವಂತಿಕೆಯ ಪರೀಕ್ಷೆ. ಎರಡು ಕ್ಯಾಮೆರಾಗಳಿಂದ ಮುಖದ ಉಬ್ಬುತಗ್ಗು ಅಳೆಯುವುದು, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿಟ್ಟು ಚರ್ಮವೋ ಗಾಜೋ ಎಂದು ನೋಡುವುದು, ಕಣ್ಣು ಮಿಟುಕಿಸಲು ಹೇಳುವುದು. ಇಂಥ ಪರೀಕ್ಷೆಗೆ ಐಎಸ್‌ಒ 30107 ಎಂಬ ಮಾನಕವೇ ಇದೆ. ಕೊಳ್ಳುವಾಗ ಅದರ ಪ್ರಮಾಣಪತ್ರ ಕೇಳಿ.

ಪರೀಕ್ಷೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನರೇಗಾದ ಹಾಜರಾತಿ ಆ್ಯಪ್ ನೋಡಿ. ಕೂಲಿಗಳ ಫೋಟೋ ದಿನಕ್ಕೆರಡು ಸಲ ಹಾಕಬೇಕಿತ್ತು. ಹಳೆಯ ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ, ಸಂಬಂಧವೇ ಇಲ್ಲದ ಚಿತ್ರ ಹಾಕುತ್ತಿದ್ದಾರೆ ಎಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆಯಿತು.

"ಕಣ್ಣಿನ ಸ್ಕ್ಯಾನ್ ಇನ್ನೂ ಗಟ್ಟಿ ಅಂತಾರೆ. ಹಾಗಿದ್ರೆ ಎಲ್ಲ ಕಡೆ ಯಾಕಿಲ್ಲ?"

ಗಟ್ಟಿ ಹೌದು. ಪಾಪೆಯ ಸುತ್ತಲ ಬಣ್ಣದ ಉಂಗುರದ ಎಳೆಗಳು ಅವಳಿಗಳಲ್ಲೂ ಬೇರೆ ಬೇರೆ. ಕೇಂಬ್ರಿಜ್‌ನ ಜಾನ್ ಡಾಗ್‌ಮನ್ 1994ರಲ್ಲಿ ಪೇಟೆಂಟ್ ಪಡೆದ ಗಣಿತವೇ ಇಂದಿಗೂ ಇದರ ಬುನಾದಿ. ಆದರೆ ಕಣ್ಣನ್ನು ಸರಿಯಾದ ದೂರದಲ್ಲಿ ಹಿಡಿದು ನಿಲ್ಲಬೇಕು, ಕ್ಯಾಮೆರಾ ದುಬಾರಿ, ಸಾಲು ನಿಧಾನ. ಹಾಗಾಗಿ ಲ್ಯಾಬು, ಡೇಟಾ ಸೆಂಟರಿನಂಥ ಒಳಬಾಗಿಲಿಗೆ ಸರಿ, ಮೂರು ಸಾವಿರ ಜನ ನುಗ್ಗುವ ಗೇಟಿಗಲ್ಲ.

"ಸೇಲ್ಸ್‌ನವರು ಶೇ. 99 ಕರೆಕ್ಟ್ ಅಂತಾರೆ. ಅಷ್ಟು ಸಾಕಲ್ವಾ?"

ಗುಣಾಕಾರ ಮಾಡಿ ನೋಡಿ. ಮೂರು ಸಾವಿರ ಜನ, ದಿನಕ್ಕೆ ಎರಡು ಸಲ, ಒಟ್ಟು 6,000 ಪಂಚ್. ಶೇ. 1 ತಪ್ಪೆಂದರೆ ದಿನಕ್ಕೆ 60 ಸಲ ಯಾರೋ ಒಬ್ಬರು ಗೇಟಿನಲ್ಲಿ ನಿಂತುಬಿಡುತ್ತಾರೆ. ಆ 60 ಸಲ ಪ್ರತಿದಿನ ಬೇರೆ ಬೇರೆಯವರಿಗೆ ಹಂಚಿಹೋಗುವುದಿಲ್ಲ. ಸವೆದ ಬೆರಳಿನ ಅದೇ ಇಪ್ಪತ್ತು ಮೂವತ್ತು ಜನರಿಗೆ ದಿನಾ ಬೀಳುತ್ತದೆ.

ತಪ್ಪಿನಲ್ಲೂ ಎರಡು ಜಾತಿ. ನಿಜವಾದವರನ್ನು ತಡೆಯುವುದು ಒಂದು, ಸುಳ್ಳು ಹೇಳುವವರನ್ನು ಬಿಡುವುದು ಇನ್ನೊಂದು. ಮಷೀನಿನೊಳಗೆ ಬಿಗಿಯನ್ನು ಏರಿಸಿ ಇಳಿಸುವ ಒಂದು ಅಂಕಿ ಇರುತ್ತದೆ. ಬಿಗಿ ಮಾಡಿದರೆ ಮೊದಲನೆಯದು ಹೆಚ್ಚುತ್ತದೆ, ಸಡಿಲ ಬಿಟ್ಟರೆ ಎರಡನೆಯದು. ಸೇಲ್ಸ್‌ನವರಿಗೆ ಕೇಳಬೇಕಾದ ಪ್ರಶ್ನೆ, "ಇವೆರಡರಲ್ಲಿ ಯಾವುದು ಶೇ. 99?" ಜೊತೆಗೆ, ಉದ್ಯೋಗಿ ನಂಬರ್ ಒತ್ತಿ ಬೆರಳಿಟ್ಟರೆ ಮಷೀನು ಒಂದೇ ಅಚ್ಚಿಗೆ ಹೋಲಿಸುತ್ತದೆ. ಬರೀ ಬೆರಳಿಟ್ಟರೆ ಮೂರು ಸಾವಿರದಲ್ಲಿ ಹುಡುಕಬೇಕು. ಜನ ಹೆಚ್ಚಿದಷ್ಟೂ ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವ ಸಂಭವವೂ ಹೆಚ್ಚುತ್ತದೆ.

"ಇಷ್ಟೆಲ್ಲ ಹಾಕಿಸಿದ ಮೇಲೂ ನಮ್ಮಲ್ಲಿ ಕಳ್ಳತನ ಆಯ್ತಲ್ಲ?"

ಬಾಗಿಲು ಒಬ್ಬರಿಗೆ ತೆರೆದಾಗ ಹಿಂದೆಯೇ ಇನ್ನಿಬ್ಬರು ನುಸುಳುವುದು ಮೊದಲ ಕಾರಣ. ಬಿಟ್ಟುಹೋದವರ ಕಾರ್ಡು ರದ್ದಾಗದಿರುವುದು ಎರಡನೆಯದು. ಮೂರನೆಯದು ನಮ್ಮಂಥ ಕೆಲಸಗಾರರ ತಪ್ಪು: ಬಾಗಿಲು ತೆಗೆಯುವ ರಿಲೇ ಎಂಬ ಸ್ವಿಚ್ಚನ್ನು ಹೊರಗೋಡೆಯ ಮಷೀನಿನೊಳಗೇ ಇಟ್ಟರೆ, ಎರಡು ಸ್ಕ್ರೂ ಬಿಚ್ಚಿ ಎರಡು ವೈರ್ ಕೂಡಿಸಿದರೆ ಸಾಕು. ಬಾಗಿಲು ತೆಗೆಯಬೇಕೋ ಬೇಡವೋ ಎಂದು ತೀರ್ಮಾನಿಸುವ ಕಂಟ್ರೋಲರ್ ಪೆಟ್ಟಿಗೆ ಯಾವಾಗಲೂ ಒಳಗೋಡೆಯಲ್ಲಿರಬೇಕು. ರೀಡರಿನಿಂದ ಅದಕ್ಕೆ ಹೋಗುವ ಹಳೆಯ ವೀಗಂಡ್ ವೈರಿನಲ್ಲಿ ಕಾರ್ಡಿನ ನಂಬರ್ ಬೆತ್ತಲೆಯಾಗಿ ಹರಿಯುತ್ತದೆ. ಈಗ ಒಎಸ್‌ಡಿಪಿ ಎಂಬ ಗೂಢಲಿಪಿಯ ಸಂಪರ್ಕವಿದೆ, ಅದನ್ನೇ ಹಾಕಿಸಿ.

ಭದ್ರತೆಯ ಹೆಸರಿನಲ್ಲಿ ಹೊರಹೋಗುವ ಬಾಗಿಲನ್ನು ಮಾತ್ರ ಎಂದಿಗೂ ಬಿಗಿಯಬೇಡಿ. 2012ರ ನವೆಂಬರ್‌ನಲ್ಲಿ ಢಾಕಾ ಹತ್ತಿರದ ತಜ್ರೀನ್ ಗಾರ್ಮೆಂಟ್ಸಿಗೆ ಬೆಂಕಿ ಬಿದ್ದಾಗ ಬೀಗ ಹಾಕಿದ ಗೇಟುಗಳ ಹಿಂದೆ ಸಿಕ್ಕಿಕೊಂಡವರಿದ್ದರು. ನೂರಕ್ಕೂ ಹೆಚ್ಚು ಜನ ಸತ್ತರು. ಕರೆಂಟು ಹೋದರೆ, ಬೆಂಕಿಯ ಗಂಟೆ ಹೊಡೆದರೆ ಬಾಗಿಲು ತಾನೇ ಬಿಟ್ಟುಕೊಳ್ಳಬೇಕು. ಮಷೀನ್ ಕೂರಿಸಿದ ದಿನವೇ ಮೇನ್ ಸ್ವಿಚ್ ಆರಿಸಿ, ಬಾಗಿಲು ತಳ್ಳಿ ನೋಡಿಯೇ ನಾನು ಹೊರಡುವುದು.

## ಕಂಪ್ಯೂಟರ್, ಕಾನೂನು

"ಪಾಸ್‌ವರ್ಡ್ ಮೇಲೆ ಒಟಿಪಿ ಇದೆಯಲ್ಲ, ಈ ಪಾಸ್‌ಕೀ ಯಾಕೆ ಬೇಕು?"

ಒಟಿಪಿಯನ್ನು ನಿಮ್ಮ ಬಾಯಿಂದಲೇ ಹೇಳಿಸಬಹುದು, ನಕಲಿ ಪುಟದಲ್ಲಿ ನಿಮ್ಮ ಕೈಯಿಂದಲೇ ಹಾಕಿಸಬಹುದು. ಫೋನಿಗೆ ಬರುವ "ಒಪ್ಪಿಗೆಯೇ?" ಎಂಬ ಸಂದೇಶವನ್ನೂ ನಂಬುವಂತಿಲ್ಲ. 2022ರಲ್ಲಿ ಊಬರ್ ಕಂಪನಿಯ ಒಬ್ಬ ಗುತ್ತಿಗೆ ನೌಕರನಿಗೆ ಅದನ್ನೇ ಮತ್ತೆ ಮತ್ತೆ ಕಳಿಸಿ, ಕೊನೆಗೆ ಆತ ಒಪ್ಪಿದಾಗ ಕಳ್ಳ ಒಳಹೊಕ್ಕ.

ಪಾಸ್‌ಕೀಯಲ್ಲಿ ಹೇಳಲು ಗುಟ್ಟೇ ಇಲ್ಲ. ನಿಮ್ಮ ಫೋನು ಅಥವಾ ಯುಎಸ್‌ಬಿ ಕೀಲಿಯೊಳಗೆ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ, ವೆಬ್‌ಸೈಟಿಗೆ ಹೋಗುವುದೇ ಇಲ್ಲ. ಅಸಲಿ ವೆಬ್ ವಿಳಾಸ ಕೇಳಿದಾಗ ಮಾತ್ರ ಅದು ಸಹಿ ಹಾಕುತ್ತದೆ. ವಿಳಾಸದಲ್ಲಿ ಒಂದು ಅಕ್ಷರ ಬೇರೆಯಿದ್ದರೂ ಸುಮ್ಮನಿರುತ್ತದೆ. ನಿಮ್ಮ ಕಣ್ಣು ಮೋಸ ಹೋದರೂ ಕೀಲಿ ಹೋಗುವುದಿಲ್ಲ. 2019ರಲ್ಲಿ ಇದು ವೆಬ್‌ನ ಅಧಿಕೃತ ಮಾನಕವಾಯಿತು. ಗೂಗಲ್ ತನ್ನ 85,000ಕ್ಕೂ ಹೆಚ್ಚು ನೌಕರರಿಗೆ 2017ರ ಆರಂಭದಿಂದ ಇಂಥ ಕೀಲಿ ಕಡ್ಡಾಯ ಮಾಡಿತು. ಆಮೇಲೆ ಒಬ್ಬರ ಕೆಲಸದ ಖಾತೆಯೂ ಫಿಶಿಂಗ್‌ಗೆ, ಅಂದರೆ ಇಂಥ ನಕಲಿ ಪುಟದ ಮೋಸಕ್ಕೆ, ಬಲಿಯಾಗಿಲ್ಲವೆಂದು 2018ರಲ್ಲಿ ಹೇಳಿತು. ಇಲ್ಲಿ ನೀವು ಬೆರಳಿಟ್ಟರೂ ಅದು ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಕಂಪನಿಯ ಸರ್ವರಿಗೆ ಹೋಗುವುದಿಲ್ಲ. ಗೇಟಿನ ಮಷೀನುಗಳೂ ಈ ದಾರಿ ಹಿಡಿಯಬೇಕೆಂಬುದು ನನ್ನ ಆಸೆ: ಟೆಂಪ್ಲೇಟ್ ನೌಕರರ ಕಾರ್ಡಿನೊಳಗೇ ಇರಲಿ. ಅಂಥ ಕಾರ್ಡುಗಳು ಮಾರುಕಟ್ಟೆಯಲ್ಲಿ ಇವೆ.

"ಜೀರೋ ಟ್ರಸ್ಟ್ ಅಂದ್ರೆ ಕಂಪನಿಗೆ ನಮ್ಮ ಮೇಲೆ ನಂಬಿಕೆ ಇಲ್ಲ ಅಂತಾನಾ?"

ನಿಮ್ಮ ಮೇಲಲ್ಲ, ನೀವು ಕೂತ ಜಾಗದ ಮೇಲೆ. ಹಿಂದೆ ಆಫೀಸಿನ ನೆಟ್‌ವರ್ಕಿನೊಳಗೆ ಬಂದವರೆಲ್ಲ ಮನೆಯವರೇ ಎಂಬ ಲೆಕ್ಕವಿತ್ತು. ಕಳ್ಳ ಒಮ್ಮೆ ಒಳಹೊಕ್ಕರೆ ಅವನೂ ಮನೆಯವನೇ. ಈಗ ಪ್ರತಿ ಫೈಲಿಗೂ, ಪ್ರತಿ ಸಲವೂ ಯಾರು, ಯಾವ ಲ್ಯಾಪ್‌ಟಾಪಿನಿಂದ ಎಂದು ನೋಡುತ್ತಾರೆ. ಜಾನ್ ಕಿಂಡರ್‌ವ್ಯಾಗ್ ಎಂಬ ವಿಶ್ಲೇಷಕ 2010ರಲ್ಲಿ ಈ ಹೆಸರನ್ನು ಚಾಲ್ತಿಗೆ ತಂದರು.

"ವಿಡಿಯೋ ಕಾಲಲ್ಲಿ ಬಾಸ್ ಮುಖ, ಬಾಸ್ ದನಿ. ಅದೂ ಸುಳ್ಳಾಗಬಹುದಾ?"

ಆಗಿದೆ. 2024ರಲ್ಲಿ ಬ್ರಿಟನ್ ಮೂಲದ ಎಂಜಿನಿಯರಿಂಗ್ ಸಂಸ್ಥೆ ಆರಪ್‌ನ ಹಾಂಗ್‌ಕಾಂಗ್ ಕಚೇರಿಯ ನೌಕರರೊಬ್ಬರು ವಿಡಿಯೋ ಸಭೆಗೆ ಸೇರಿದರು. ಹಣಕಾಸು ಮುಖ್ಯಸ್ಥರು, ಸಹೋದ್ಯೋಗಿಗಳು ಎಲ್ಲರೂ ಇದ್ದರು. ಎಲ್ಲರೂ ಕಂಪ್ಯೂಟರ್ ಸೃಷ್ಟಿ. 15 ವರ್ಗಾವಣೆಗಳಲ್ಲಿ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಹೋಯಿತು. ಅದೇ ವರ್ಷ ನೋಬಿಫೋರ್ ಎಂಬ ಭದ್ರತಾ ತರಬೇತಿ ಕಂಪನಿಯೇ, ನಾಲ್ಕು ವಿಡಿಯೋ ಸಂದರ್ಶನ ಮಾಡಿ, ಕದ್ದ ಗುರುತಿನ ಉತ್ತರ ಕೊರಿಯಾದ ವ್ಯಕ್ತಿಯನ್ನು ಕೆಲಸಕ್ಕೆ ತೆಗೆದುಕೊಂಡಿತ್ತು.

ಹಣ ಅಥವಾ ಪಾಸ್‌ವರ್ಡಿನ ಮಾತು ಬಂದರೆ ಕರೆ ಮುಗಿಸಿ, ನಿಮ್ಮ ಹತ್ತಿರ ಮೊದಲೇ ಇದ್ದ ನಂಬರಿಗೆ ನೀವಾಗಿ ಫೋನ್ ಮಾಡಿ ಕೇಳಿ. ಬಾಸ್ ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ.

"ಕಂಪನಿಯವರು ಆಧಾರ್ ಥಂಬನ್ನೇ ಕೊಡಿ ಅಂತ ಕೇಳಬಹುದಾ?"

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಗೇಟಿನ ಸಾಮಾನ್ಯ ಥಂಬ್ ಮಷೀನಿಗೂ ಆಧಾರಿಗೂ ಸಂಬಂಧವಿಲ್ಲ. ಅದು ಕಂಪನಿಯದೇ ಪ್ರತ್ಯೇಕ ಪಟ್ಟಿ. ಆಧಾರ್‌ಗೆ ಹೋಲಿಸಿ ಹಾಜರಿ ಹಾಕುವುದು ಬೇರೆ ವ್ಯವಸ್ಥೆ, ಕೇಂದ್ರ ಸರ್ಕಾರಿ ಕಚೇರಿಗಳಲ್ಲಿ 2014ರಿಂದ ಬಂತು.

ಖಾಸಗಿಯವರ ವಿಷಯದಲ್ಲಿ ದಾರಿ ತೋರಿಸಿದ್ದು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಉಳಿಸಿಕೊಂಡರೂ, ಖಾಸಗಿ ಕಂಪನಿಗಳು ಕರಾರಿನ ಬಲದಿಂದ ಅದನ್ನು ಕೇಳುವ ದಾರಿ ಮುಚ್ಚಿತು. 2025ರ ಜನವರಿಯ ನಿಯಮ ತಿದ್ದುಪಡಿಯಿಂದ ಖಾಸಗಿ ಸಂಸ್ಥೆಗಳೂ ಸರ್ಕಾರದ ಅನುಮತಿ ಪಡೆದು, ಜನ ಸ್ವಇಚ್ಛೆಯಿಂದ ಒಪ್ಪಿದರೆ, ಆಧಾರ್ ದೃಢೀಕರಣ ಬಳಸಬಹುದಾಗಿದೆ. ಎಚ್‌ಆರ್ ಕೇಳಿದರೆ ಆ ಅನುಮತಿ ಪತ್ರ ತೋರಿಸಲು ಹೇಳಿ. ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಇದೆ, ಹಾಕಿಡುವುದು ಒಳ್ಳೆಯದು.

"ಕೆಲಸ ಬಿಟ್ಟ ಮೇಲೆ ನನ್ನ ಥಂಬ್, ಮುಖ ಅಲ್ಲೇ ಉಳಿಯುತ್ತಾ? ಸೋರಿಹೋದ್ರೆ ಏನು ಗತಿ?"

ಕೇಳದಿದ್ದರೆ ಬಹಳ ಕಡೆ ಉಳಿಯುತ್ತದೆ. 2015ರಲ್ಲಿ ಅಮೆರಿಕ ಸರ್ಕಾರದ ಸಿಬ್ಬಂದಿ ಕಚೇರಿಯಿಂದ 56 ಲಕ್ಷ ಜನರ ಬೆರಳಚ್ಚು ಕಳುವಾಯಿತು. ಅವರಾರಿಗೂ ಹೊಸ ಬೆರಳು ಸಿಗಲಿಲ್ಲ.

ಬೇರೆ ದೇಶಗಳು ಕಟ್ಟುನಿಟ್ಟು ಮಾಡಿವೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬರಹದ ಒಪ್ಪಿಗೆಯಿಲ್ಲದೆ ಬೆರಳಚ್ಚು ಪಡೆಯಬಾರದೆಂಬ ಕಾನೂನು 2008ರಿಂದ ಇದೆ. ರೈಲ್ವೆ ಯಾರ್ಡಿನ ಗೇಟಿನಲ್ಲಿ ಲಾರಿ ಚಾಲಕರ ಬೆರಳಚ್ಚು ಪಡೆದ ಬಿಎನ್‌ಎಸ್‌ಎಫ್ ಕಂಪನಿ ಮೊಕದ್ದಮೆ ಎದುರಿಸಿ, ಕೊನೆಗೆ 7.5 ಕೋಟಿ ಡಾಲರಿಗೆ ರಾಜಿಯಾಯಿತು. ಬ್ರಿಟನ್ನಿನಲ್ಲಿ 2024ರ ಫೆಬ್ರುವರಿಯಲ್ಲಿ ಸರ್ಕೋ ಲೀಷರ್ ಎಂಬ ಸಂಸ್ಥೆ ತನ್ನ 38 ಕ್ರೀಡಾ, ವ್ಯಾಯಾಮ ಕೇಂದ್ರಗಳಲ್ಲಿ 2,000ಕ್ಕೂ ಹೆಚ್ಚು ನೌಕರರ ಮುಖ, ಬೆರಳು ಬಳಸಿ ಹಾಜರಿ ಹಾಕುವುದನ್ನು ನಿಲ್ಲಿಸಬೇಕಾಯಿತು. ಹಾಜರಿಗೆ ಕಾರ್ಡು ಸಾಕಾಗುವಾಗ ಮೈಯ ಗುರುತು ಏಕೆ ಎಂಬುದೇ ಅಲ್ಲಿನ ಪ್ರಶ್ನೆ.

ನಮ್ಮಲ್ಲಿ 2011ರ ಐಟಿ ನಿಯಮಗಳು ಬಯೋಮೆಟ್ರಿಕ್ ಅನ್ನು ಸೂಕ್ಷ್ಮ ಮಾಹಿತಿ ಎಂದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಉದ್ಯೋಗದ ಕೆಲವು ಉದ್ದೇಶಗಳಿಗೆ ಒಪ್ಪಿಗೆ ಕೇಳದೆಯೇ ಮಾಹಿತಿ ಬಳಸಲು ಈ ಕಾಯ್ದೆ ಮಾಲೀಕರಿಗೆ ಅವಕಾಶ ಕೊಡುತ್ತದೆ, ಅದು ನನಗೆ ಸರಿ ಕಾಣುವುದಿಲ್ಲ. ಆದರೆ ಉದ್ದೇಶ ಮುಗಿದ ಮೇಲೆ ಅಳಿಸಬೇಕು ಎಂದೂ, ಕಾಪಾಡಲು ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ ಎಂದೂ ಇದೆ. ಹಾಗಾಗಿ ರಾಜೀನಾಮೆ ಪತ್ರದಲ್ಲೇ ಒಂದು ಸಾಲು ಸೇರಿಸಿ: "ನನ್ನ ಬೆರಳಚ್ಚು ಮತ್ತು ಮುಖದ ದಾಖಲೆಯನ್ನು ಮಷೀನಿನಿಂದಲೂ ಸರ್ವರಿನಿಂದಲೂ ಅಳಿಸಿ ಲಿಖಿತವಾಗಿ ತಿಳಿಸಿ."

ಮಷೀನಿನಿಂದಲೂ ಎಂದು ಬರೆಯಲು ಕಾರಣವಿದೆ. ಒಮ್ಮೆ ಬಿಡಿಭಾಗಕ್ಕೆಂದು ಬೆಂಗಳೂರಿನ ಎಸ್‌ಪಿ ರೋಡಿನ ಹಳೇ ಸಾಮಾನಿನ ಅಂಗಡಿಯಿಂದ ಥಂಬ್ ಮಷೀನೊಂದನ್ನು ತಂದೆ. ಮನೆಯಲ್ಲಿ ಕರೆಂಟು ಕೊಟ್ಟು ಮೆನು ತೆರೆದರೆ ಹಿಂದಿನ ಕಂಪನಿಯ 412 ಜನರ ಹೆಸರು, ಬೆರಳು ಎಲ್ಲ ಹಾಗೇ ಇದ್ದವು. ಅಳಿಸುವ ಪಾಸ್‌ವರ್ಡ್ ನನ್ನಲ್ಲಿರಲಿಲ್ಲ. ಬೋರ್ಡ್ ಬಿಚ್ಚಿ ಮೆಮೊರಿ ಚಿಪ್ಪನ್ನು ಕಿತ್ತು ಇಕ್ಕಳದಲ್ಲಿ ಎರಡು ತುಂಡು ಮಾಡಿದೆ.